ಹದಿನಾರನೆಯ ಗುರಾಣಿ

ಗೆಸೀನಳ ಬದುಕಿನ ಬಗ್ಗೆ ಬರೆಯಲು ಈ ಊರಿನಲ್ಲಿ ನನಗಿಂತ ತಕ್ಕವರು ಯಾರೂ ಇಲ್ಲ. ಪ್ರೀತಿ ಇದ್ದವರು ಅರ್ಧ ನೋಡಿ ಅರ್ಧ ಊಹಿಸಿಕೊಳ್ಳುತ್ತಾರೆ. ಹೊಟ್ಟೆಕಿಚ್ಚು ಇದ್ದವರು ಹಾಗಲ್ಲ, ಎವೆಯಿಕ್ಕದೆ ನೋಡುತ್ತಾರೆ. ನಾನು ಅವಳನ್ನು ಒಂದೇ ಸೂರಿನಡಿ ಮೂವತ್ತೊಂದು ವರ್ಷ ಹಾಗೆ ನೋಡಿದ್ದೇನೆ. ರೊಟ್ಟಿಯನ್ನು ಎಡಗೈಯಲ್ಲಿ ಮುರಿಯುತ್ತಿದ್ದಳು. ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಂದರಂತೆ ಸತ್ತವರ ಹೆಸರು ಗೊಣಗುತ್ತಿದ್ದಳು. ನಗು ಬಂದರೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು, ಹಲ್ಲು ಹುಳುಕಾಗಿದ್ದವು. ಹಲ್ಲಿನ ವಿಷಯ ಬರೆಯದೆ ಬಿಡಬಹುದಿತ್ತು. ಬಿಡಲು ಮನಸ್ಸಾಗಲಿಲ್ಲ.

ಅವಳು ನನ್ನ ತಮ್ಮ ಎವರ್ವಿನ್‌ನ ಹೆಂಡತಿ. ಆದರೆ ನಮ್ಮ ಮನೆಗೆ ಬಂದದ್ದು ಸೊಸೆಯಾಗಿ ಅಲ್ಲ, ಕೆಲಸದವಳಾಗಿ. ಆಗ ಅವಳಿಗೆ ಹದಿನೇಳು, ನನಗೆ ಇಪ್ಪತ್ತು. ಬಯಲಿನಾಚೆಯ ನೇಕಾರರ ಗುಡಿಸಲಿನಿಂದ ಬಂದಿದ್ದಳು; ಕಾಲಲ್ಲಿದ್ದ ಮರದ ಮೆಟ್ಟು ಒಂದು ಕಡೆ ಸೀಳಿಹೋಗಿ, ಅದಕ್ಕೆ ತಂತಿ ಕಟ್ಟಿಕೊಂಡಿದ್ದಳು. ಒಲೆಗೆ ಪೀಟ್ ಎಂಬ ಒಣಗಿಸಿದ ಜವುಗುಮಣ್ಣಿನ ಉರುವಲು ಹಾಕುವುದು, ನನ್ನ ಕುಂಚಗಳನ್ನು ತೊಳೆಯುವುದು ಅವಳ ಕೆಲಸ. ನನ್ನ ಕುಂಚ, ಅವಳ ಕೈ. ಅಲ್ಲಿಗೇ ನಿಂತಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದೆವು.

ನಮ್ಮ ಮನೆಯ ಕಸುಬು ವಂಶಪಟ ಬರೆಯುವುದು. ಗುಡ್ಡದ ಮೇಲೆ ದೊರೆಸಾನಿಯರ ಮಠವಿದೆ. ಅಲ್ಲಿ ಇರುವುದು ಹನ್ನೆರಡೇ ಜಾಗ. ಒಬ್ಬಳು ತೀರಿಕೊಂಡರೆ ಇಲ್ಲವೆ ಮದುವೆಯಾಗಿ ಹೊರಟರೆ ಮಾತ್ರ ಇನ್ನೊಬ್ಬಳಿಗೆ ಬಾಗಿಲು. ಒಳಗೆ ಹೋಗುವ ಹುಡುಗಿಗೆ ದೈವಭಕ್ತಿ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಅವಳ ಅಜ್ಜ ಅಜ್ಜಿಯರ ಅಜ್ಜ ಅಜ್ಜಿಯರು ಯಾರು ಎಂದು ಕೇಳುತ್ತಾರೆ. ಹದಿನಾರು ಜನ. ಹದಿನಾರೂ ಕುಲೀನ ರಕ್ತ. ಒಬ್ಬೊಬ್ಬರ ಮನೆತನದ ಗುರಾಣಿಯೂ ಅದರದೇ ಬಣ್ಣದಲ್ಲಿ, ಅದರದೇ ಚಿಹ್ನೆಯೊಡನೆ ಚರ್ಮದ ಹಾಳೆಯ ಮೇಲೆ ಮೂಡಬೇಕು. ದೊಡ್ಡ ಮನೆತನದವರು ತಮ್ಮತಮ್ಮಲ್ಲೇ ಕೊಟ್ಟು ತಂದು ಮಾಡುವುದರಿಂದ, ಒಬ್ಬಳೇ ಅಜ್ಜಿ ಒಂದೇ ಪಟದಲ್ಲಿ ಮೂರು ಕಡೆ ಕುಳಿತಿರುವುದೂ ಉಂಟು. ಹಾಗಾದಾಗ ನಮಗೆ ಕೆಲಸ ಹಗುರ.

ಬರೆದ ಪಟವನ್ನು ಮಠದ ಸಭಾಮಂದಿರದಲ್ಲಿ ಆರು ವಾರ ಮೂರು ದಿನ ತೂಗುಹಾಕುತ್ತಾರೆ. ತಕರಾರು ಇದ್ದವರು ಅಷ್ಟರಲ್ಲಿ ಹೇಳಬೇಕು. ಕಡೆಯ ದಿನ ಇಬ್ಬರು ಸರದಾರರು ಪಟದ ಮುಂದೆ ನಿಂತು, ಬಲಗೈ ಎತ್ತಿ, ಇವೆಲ್ಲ ನಿಜ ಎಂದು ಆಣೆಯಿಡುತ್ತಾರೆ. ಎತ್ತಿದ ಕೈಯನ್ನು ಯಾರಾದರೂ ನಡುವೆ ಇಳಿಸಿದರೆ ಮುಗಿಯಿತು. ಆ ಜಾಗ ಪಕ್ಕದಲ್ಲಿ ತೂಗುತ್ತಿರುವ ಇನ್ನೊಬ್ಬ ಹುಡುಗಿಯ ಪಟಕ್ಕೆ ಹೋಗುತ್ತದೆ.

ಅಪ್ಪ ಮಠಕ್ಕೆ ಆಣೆಯಿಟ್ಟ ಪಟಕಾರ. ನನಗೆ ಏಳು ವರ್ಷವಾದಾಗಲೇ ಕೈಗೆ ಕುಂಚ ಕೊಟ್ಟಿದ್ದ. ಹದಿನೈದಕ್ಕೆ ನಾನು ಬರೆದ ಸಿಂಹದ ಉಗುರುಗಳನ್ನು ಅಪ್ಪ ಬರೆದವುಗಳಿಂದ ಬೇರೆ ಮಾಡಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಅದನ್ನು ಅಪ್ಪ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಲ್ಲವೇ.

ಗೆಸೀನ ಬಂದ ಎರಡನೆಯ ಚಳಿಗಾಲದಲ್ಲಿ ಒಂದು ದಿನ ಊಟದ ಹೊತ್ತಿಗೆ ಅಪ್ಪ ಯಾವುದೋ ಪಟದ ಒಂದು ಹೆಸರಿಗೆ ತಡಕಾಡುತ್ತಿದ್ದ. ಯಾರೋ ಒಬ್ಬ ಸರದಾರನ ಎರಡನೆಯ ಹೆಂಡತಿಯ ತಾಯಿ. ಮಜ್ಜಿಗೆಯ ಮಡಕೆ ಹಿಡಿದು ನಿಂತಿದ್ದ ಗೆಸೀನ ಆ ಹೆಸರು ಹೇಳಿದಳು. ಅಷ್ಟೇ ಅಲ್ಲ, ಆಕೆಯ ತಂಗಿಯನ್ನು ಎಲ್ಲಿಗೆ ಕೊಟ್ಟಿತ್ತು, ಆ ತಂಗಿಯ ಮಗಳು ತಿರುಗಿ ಯಾವ ಮನೆಗೆ ಸೊಸೆಯಾಗಿ ಬಂದಳು ಎಂಬುದನ್ನೂ ಹೇಳಿದಳು. ಎಲ್ಲಿ ಕೇಳಿದೆ ಎಂದು ಅಪ್ಪ ಕೇಳಿದ. ಇಲ್ಲೇ, ನೀವು ಓದಿಕೊಳ್ಳುವಾಗ, ಎಂದಳು. ಅಪ್ಪ ಚಮಚ ಕೆಳಗಿಟ್ಟು ಅವಳನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ನನ್ನನ್ನು ಹಾಗೆ ನೋಡಿರಲಿಲ್ಲ.

ಅಂದಿನಿಂದ ಅವಳಿಗೆ ಊಟದ ಮೇಜಿನಲ್ಲಿ ಜಾಗವಾಯಿತು. ಅಪ್ಪ ಅವಳನ್ನು ಹಳ್ಳಿಹಳ್ಳಿಯ ಇಗರ್ಜಿಗಳಿಗೆ ಕರೆದುಕೊಂಡು ಹೋಗಿ, ಸವೆದ ಸಮಾಧಿಕಲ್ಲಿನ ಅಕ್ಷರವನ್ನು ಬೆರಳಿಂದ ತಡವಿ ಓದುವುದನ್ನು ಕಲಿಸಿದ. ಮುದಿ ಅಡುಗೆಯವಳ ಹತ್ತಿರ ಕುಳಿತು, ಆಕೆಯ ಮೊಣಕಾಲು ನೋವಿನಿಂದ ಶುರುಮಾಡಿ ಎಂಬತ್ತು ವರ್ಷದ ಹಿಂದಿನ ಮದುವೆಯವರೆಗೆ ಮಾತು ಎಳೆಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ನನ್ನನ್ನು ನೋಡಲು ಒಮ್ಮೆ ಚಿನ್ನದ ರೇಕಿನ ಕೆಲಸಗಾರನೊಬ್ಬ ಬಂದಿದ್ದ. ಒಳ್ಳೆಯ ವರ, ಬೆರಳುಗಳು ನೀಳವಾಗಿದ್ದವು. ಬಂದವನು ತನ್ನ ಅಜ್ಜ ಯಾವುದೋ ಗಡಿಯ ದೊರೆಯ ಕಡೆಯವನಂತೆ, ನಿಜವೇ ಎಂದು ಗೆಸೀನಳನ್ನು ಕೇಳುತ್ತ ಕುಳಿತ. ಸಂಜೆಯವರೆಗೂ ಅದೇ ಮಾತು. ಹೋಗುವಾಗ ನನಗೆ ತಲೆಬಾಗಿದ, ಅವಳಿಗೆ ಧನ್ಯವಾದ ಹೇಳಿದ. ತಿರುಗಿ ಬರಲಿಲ್ಲ.

ನನ್ನ ತಮ್ಮ ಅವಳನ್ನೇ ಮದುವೆಯಾಗುತ್ತೇನೆ ಎಂದಾಗ, ನೇಕಾರರ ಹುಡುಗಿ, ಹಿಂದುಮುಂದು ಗೊತ್ತಿಲ್ಲ ಎಂದು ನಾನು ತಗಾದೆ ತೆಗೆದೆ. ಅಪ್ಪ ನಕ್ಕುಬಿಟ್ಟ. ಮದುವೆಯ ದಿನ ಅವಳು ನನ್ನ ಕೆನ್ನೆಗೆ ಮುತ್ತಿಟ್ಟು ಅತ್ತಿಗೆ ಎಂದು ಕರೆದಳು. ಗಂಡನ ಅಕ್ಕನನ್ನು ಇನ್ನು ಹೇಗೆ ಕರೆಯಬೇಕು. ಆದರೂ ಕಿವಿಗೆ ಕಡ್ಡಿ ಹಾಕಿದ ಹಾಗಾಯಿತು.

ಅಪ್ಪ ಹೋದ ಮೇಲೆ ಪಟಕಾರನ ಆಣೆಯನ್ನು ಎವರ್ವಿನ್ ಇಟ್ಟ. ಹೆಂಗಸರಿಗೆ ಆ ಆಣೆ ಇಲ್ಲ. ಎರಡೇ ವರ್ಷಕ್ಕೆ ಅವನಿಗೆ ಸಿಡುಬಾಯಿತು. ಬದುಕಿಕೊಂಡ, ಆದರೆ ಎರಡೂ ಕಣ್ಣಿಗೆ ಹೂವು ಬಿತ್ತು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಬಣ್ಣ ಗೊತ್ತಾಗುತ್ತಿರಲಿಲ್ಲ. ಇದು ಮಠಕ್ಕೆ ತಿಳಿದರೆ ನಮ್ಮ ಕಸುಬು ಅಂದಿಗೇ ಮುಗಿಯಿತು. ಹಾಗಾಗಿ ಮನೆಯೊಳಗೆ ಒಂದು ಏರ್ಪಾಡಾಯಿತು. ಗೆಸೀನ ವಂಶ ಹುಡುಕಿ ತರುತ್ತಾಳೆ, ನಾನು ಬಣ್ಣ ಹಾಕುತ್ತೇನೆ, ನಾನು ಬೆರಳು ಹಿಡಿದು ತೋರಿಸಿದ ಕಡೆ ಎವರ್ವಿನ್ ಸಹಿ ಹಾಕುತ್ತಾನೆ. ಮೂವರು ಸೇರಿ ಒಬ್ಬ ಪಟಕಾರ. ಹೊರಗಿನವರಿಗೆ ಗೆಸೀನ ಹುಡುಕುತ್ತಾಳೆ ಎಂಬುದು ಗೊತ್ತಿತ್ತು, ಅದನ್ನು ಮುಚ್ಚಿಡಲು ಆಗುವಂತಿರಲಿಲ್ಲ. ಬಣ್ಣ ನನ್ನದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಅವಳ ಕೆಲಸಕ್ಕೆ ಅವಳ ಹೆಸರು, ನನ್ನ ಕೆಲಸಕ್ಕೆ ತಮ್ಮನ ಹೆಸರು.

ಸರದಾರರು ಆಣೆಯಿಡಲು ಬಂದಾಗ ಮಠದ ಅಂಗಳದಲ್ಲಿ ಕುದುರೆ ಇಳಿಯುತ್ತಲೇ ಕೇಳುತ್ತಿದ್ದ ಮಾತು ಒಂದೇ. ಗೆಸೀನ ನೋಡಿದಾಳಾ? ನೋಡಿದ್ದಾಳೆ ಎಂದರೆ, ಹಾಗಾದ್ರೆ ಸರಿ ಬಿಡು ಎಂದು ಪಟದ ಕಡೆ ತಿರುಗಿಯೂ ನೋಡದೆ ಕೈ ಎತ್ತುತ್ತಿದ್ದರು. ಹದಿನಾರು ಗುರಾಣಿಗಳ ಮೇಲೆ ನಾನು ನಾಲ್ಕು ತಿಂಗಳು ಬೆನ್ನು ಬಗ್ಗಿಸಿರುತ್ತಿದ್ದೆ.

ಏಳು ವರ್ಷದ ಯುದ್ಧ ಮುಗಿದ ಮರುವರ್ಷ ಓಡೀಲಿಯ ಎಂಬ ಹುಡುಗಿಯ ಪಟ ಬಂತು. ಹಾಗೆನ್‌ಶೈಡ್ ಮನೆತನ. ಹದಿನಾಲ್ಕು ವರ್ಷದವಳು, ಐದು ಜನ ಅಕ್ಕತಂಗಿಯರಲ್ಲಿ ನಾಲ್ಕನೆಯವಳು. ಯುದ್ಧದಲ್ಲಿ ಅವರ ಕಾಡು, ಕುದುರೆ ಎಲ್ಲ ಹೋಗಿತ್ತು. ಮಠದಲ್ಲಿ ಜಾಗ ಸಿಕ್ಕರೆ ಅವಳಿಗೆ ತನ್ನದೇ ಕೋಣೆ, ತನ್ನದೇ ಒಲೆ, ಮೇಲೆ ಯಾರ ಹಂಗೂ ಇಲ್ಲ. ಸಿಗದಿದ್ದರೆ ನಲವತ್ತೆಂಟು ವರ್ಷದ ಅರಣ್ಯಾಧಿಕಾರಿಯೊಬ್ಬ ಹೆಂಡತಿ ಸತ್ತು ಮೂರು ಮಕ್ಕಳನ್ನಿಟ್ಟುಕೊಂಡು ಕಾಯುತ್ತಿದ್ದ. ಹುಡುಗಿ ತಂದೆಯ ಜೊತೆ ನಮ್ಮ ಮನೆಗೆ ಬಂದಿದ್ದಳು. ನನ್ನ ಬಣ್ಣದ ಬಟ್ಟಲುಗಳನ್ನು ಒಂದೊಂದಾಗಿ ಬಗ್ಗಿ ನೋಡಿ, ಮಠದಲ್ಲಿ ಚಿತ್ರ ಬರೆಯಲು ಬಿಡುತ್ತಾರಾ ಎಂದು ಕೇಳಿದಳು. ಬಿಡುತ್ತಾರೆ ಎಂದೆ. ನಮ್ಮ ಮನೆಯಲ್ಲಿ ನನ್ನ ಬಟ್ಟಲುಗಳನ್ನು ನೋಡಿದವಳು ಅವಳೊಬ್ಬಳೇ. ಅದನ್ನು ನೆನೆದರೆ ಈಗಲೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಹದಿನೈದು ಗುರಾಣಿಗಳು ಸಲೀಸಾಗಿ ಮುಗಿದವು. ಹದಿನಾರನೆಯದು, ತಾಯಿಯ ತಾಯಿಯ ಕಡೆಯ ಕೊನೆಯ ಅಜ್ಜಿ, ಸ್ಲೂಟೆನ್‌ಬೆರ್ಗ್ ಮನೆತನದವಳು. ಆ ಹೆಸರಿನಲ್ಲಿ ಎರಡು ಕವಲು. ಗುಡ್ಡದ ಮೇಲೆ ಉಳಿದವರು ಸರದಾರರು, ನೀಲಿ ನೆಲದ ಮೇಲೆ ಮೂರು ಬೆಳ್ಳಿ ಬೀಗದಕೈ. ಪಟ್ಟಣಕ್ಕಿಳಿದು ಉಪ್ಪಿನ ವ್ಯಾಪಾರಕ್ಕೆ ನಿಂತವರು ಕುಲೀನರ ಪಟ್ಟಿಯಿಂದ ಹೊರಬಿದ್ದರು. ಅವರೂ ಮೂರು ಬೆಳ್ಳಿ ಬೀಗದಕೈಯನ್ನೇ ಇಟ್ಟುಕೊಂಡರು, ಆದರೆ ಹಸಿರು ನೆಲದ ಮೇಲೆ. ಸಮಾಧಿಕಲ್ಲಿನಲ್ಲಿ ಬೀಗದಕೈ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ಗೆಸೀನ ಎರಡು ದಿನ ನಡೆದು ಯಾವುದೋ ಮೂಲೆಯ ಇಗರ್ಜಿಯಲ್ಲಿ ಆ ಅಜ್ಜಿ ಮದುವೆಯಲ್ಲಿ ತನ್ನ ಮನೆತನದ ಗುರಾಣಿ ಮೂಡಿಸಿ ಕೊಟ್ಟಿದ್ದ ಬಣ್ಣದ ಗಾಜಿನ ಕಿಟಕಿಯನ್ನು ಹುಡುಕಿ ನೋಡಿಕೊಂಡು ಬಂದಳು. ಕಾಲಿನ ಬೊಬ್ಬೆ ಒಡೆದಿದ್ದವು.

"ನೀಲಿ, ಅತ್ತಿಗೆ," ಎಂದಳು. "ಬೆಳಿಗ್ಗೆ ಬಿಸಿಲಲ್ಲಿ ನೋಡ್ದೆ, ಮಧ್ಯಾಹ್ನ ನೋಡ್ದೆ, ಸಂಜೆ ಇನ್ನೊಂದ್ಸಲ ನೋಡಿ ಆಮೇಲೆ ಹೊರಟೆ. ಮೂರು ಸಲಾನೂ ನೀಲೀನೇ."

ಅದೇ ವಾರ ಮಠದ ಒಡತಿಯಿಂದ ನಮ್ಮ ಮನೆಗೆ ಒಂದು ಗಂಟು ಬಂತು. ಗೆಸೀನಳಿಗೆ ಕಪ್ಪು ರೇಷ್ಮೆಯ ಶಾಲು, ಅಂಚಿಗೆ ಕೈಕಸೂತಿ. ಎವರ್ವಿನ್‌ಗೆ ಒಂದು ತೊಡೆ ಹಂದಿಮಾಂಸ, ಒಳ್ಳೆಯ ಹೊಗೆ ಹಿಡಿದದ್ದು. ಮನೆಯಲ್ಲಿರುವ ಅಕ್ಕನಿಗೆ ಎಂದು ಒಂದು ಚೀಲ ಒಣಗಿದ ಪ್ಲಮ್ ಹಣ್ಣು. ಮನೆಯಲ್ಲಿರುವ ಅಕ್ಕ. ಹೆಸರು ಕೂಡ ಗೊತ್ತಿಲ್ಲ. ಗೆಸೀನ ಶಾಲನ್ನು ನನ್ನ ಹೆಗಲಿಗೆ ಹಾಕಿ ನೋಡಿ, ನಿಮಗೇ ಒಪ್ಪುತ್ತೆ, ನೀವೇ ಇಟ್ಕೊಳ್ಳಿ ಎಂದಳು. ಅವಳು ಅದನ್ನು ಮನಸ್ಸಿನಿಂದಲೇ ಹೇಳಿದಳು. ನನಗೆ ಹತ್ತಿದ್ದು ಅದೇ ಬೆಂಕಿ. ಕಿತ್ತುಕೊಳ್ಳುವವರ ಮೇಲೆ ಸಿಟ್ಟು ಮಾಡಬಹುದು, ಬಿಟ್ಟುಕೊಡುವವರ ಮೇಲೆ ಏನು ಮಾಡುವುದು.

ಅವಳು ಇನ್ನೊಂದು ಮನೆತನದ ಕೆಲಸಕ್ಕೆಂದು ಹಳ್ಳಿಗೆ ಹೋದ ದಿನ ನಾನು ಹದಿನಾರನೆಯ ಗುರಾಣಿಗೆ ಕುಳಿತೆ. ನೀಲಿಯ ಬಟ್ಟಲು ಬಲಗಡೆ ಇತ್ತು. ತಾಮ್ರದ ಕಿಲುಬಿನಿಂದ ನಾನೇ ಮಾಡಿದ್ದ ಹಸಿರು ಎಡಗಡೆ ಇತ್ತು. ಕೈ ತಪ್ಪಿತು ಎಂದು ಹೇಳುವುದಿಲ್ಲ. ನನ್ನ ಕೈ ತಪ್ಪುವುದಿಲ್ಲ. ಹಸಿರನ್ನೇ ಹಾಕಿದೆ.

ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಒಂದು ವಾರದಲ್ಲಿ ಯಾರಾದರೊಬ್ಬ ದೊರೆಸಾನಿ ನೋಡುತ್ತಾಳೆ. ಗೆಸೀನ ಉಪ್ಪಿನವರನ್ನು ತಂದು ಮಠದ ಗೋಡೆಗೆ ನೇತುಹಾಕಿದ್ದಾಳೆ ಎಂದು ಎಲ್ಲರೂ ನಗುತ್ತಾರೆ. ಪಟ ವಾಪಸು ಬರುತ್ತದೆ, ನಾನು ಒಂದು ಗಂಟೆಯಲ್ಲಿ ಸರಿಮಾಡಿ ಕೊಡುತ್ತೇನೆ. ಹುಡುಗಿಗೇನೂ ತೊಂದರೆಯಿಲ್ಲ. ಗೆಸೀನಳ ಮೂಗು ಒಂದಿಷ್ಟು ಕೆಳಗಾಗುತ್ತದೆ, ಅಷ್ಟೇ. ಎವರ್ವಿನ್‌ನ ಬೆರಳು ಹಿಡಿದು ಸಹಿ ಹಾಕಿಸಿ, ಸುತ್ತಿ, ಅವಳು ಬರುವ ಮೊದಲೇ ಗುಡ್ಡಕ್ಕೆ ಕಳಿಸಿಬಿಟ್ಟೆ. ಗೆಸೀನ ಬಂದವಳು ಪಟ ಹೇಗೆ ಬಂತು ಎಂದು ಕೇಳಿದಳು. ಚೆನ್ನಾಗಿ ಬಂತು ಎಂದೆ. ನೇಕಾರರ ಮಗಳಿಗೆ ಸಭಾಮಂದಿರದೊಳಗೆ ಕಾಲಿಡುವ ಹಕ್ಕಿರಲಿಲ್ಲ, ಪಟಕಾರನ ಮಗಳಿಗೆ ಇತ್ತು. ಆ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮೇಲು.

ಒಂದು ವಾರ ಕಳೆಯಿತು. ಯಾರೂ ಏನೂ ಹೇಳಲಿಲ್ಲ. ಎರಡು ವಾರ, ಮೂರು ವಾರ. ಭಾನುವಾರದ ಪೂಜೆ ಮುಗಿಸಿ ಮಂದಿರಕ್ಕೆ ಹೋಗಿ ನೋಡುತ್ತಿದ್ದೆ. ಕೆಳಸಾಲಿನ ತುದಿಯಲ್ಲಿ ಆ ಹಸಿರು ಕಣ್ಣಿಗೆ ಹೊಡೆಯುತ್ತಿತ್ತು. ದೊರೆಸಾನಿಯರು ಅದರ ಮುಂದೆಯೇ ನಿಂತು ಹವಾಮಾನದ ಮಾತಾಡುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬ ಹುಡುಗಿಯ ಪಟ ಬಂದು ನಿಂತಿತ್ತು. ನನಗೆ ನಿದ್ದೆ ಬರುವುದು ನಿಂತಿತು. ಐದನೆಯ ವಾರ ತಡೆಯಲಾರದೆ ನೀಲಿಯ ಬಟ್ಟಲನ್ನೂ ಒಂದು ಸಣ್ಣ ಕುಂಚವನ್ನೂ ಬುಟ್ಟಿಯಲ್ಲಿಟ್ಟುಕೊಂಡು, ಮೇಲೆ ಮೊಟ್ಟೆ ಜೋಡಿಸಿಕೊಂಡು ಹೋದೆ. ಅರ್ಧ ಗಂಟೆ ಯಾರೂ ಇಲ್ಲದಿದ್ದರೆ ಸಾಕಿತ್ತು.

ಲುಟ್‌ಗಾರ್ಡ್ ದೊರೆಸಾನಿ ಅಲ್ಲಿದ್ದಳು. ಮಂದಿರದ ಬೀಗ ಅವಳ ಸುಪರ್ದಿನಲ್ಲಿತ್ತು. ನನಗಿಂತ ಚಿಕ್ಕವಳು, ಒಳ್ಳೆಯವಳು, ಎಲ್ಲರೊಡನೆ ಮಾತಾಡುವವಳು. ಪಟವನ್ನು ಮತ್ತೊಮ್ಮೆ ನೋಡಬೇಕಿತ್ತು, ಬಣ್ಣ ಸರಿಯಾಗಿದೆಯೋ ಇಲ್ಲವೋ ಎಂದು ನಾನು ತೊದಲಿದೆ. ನಾಲಿಗೆಯ ತುದಿಗೆ ಬಂದಿತ್ತು, ಇನ್ನೊಂದು ಮಾತಿಗೆ ಎಲ್ಲ ಹೇಳಿಬಿಡುತ್ತಿದ್ದೆ.

"ಅಯ್ಯೋ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯಾ," ಎಂದಳು ಲುಟ್‌ಗಾರ್ಡ್. "ಗೆಸೀನ ನೋಡಿದ ಮೇಲೆ ನಾವು ನೋಡೋದೇನಿದೆ. ನೀನು ಬಣ್ಣ ಅರೆದುಕೊಡ್ತೀಯಂತಲ್ಲ, ಪಾಪ, ಕೈ ಎಲ್ಲ ಹೇಗಾಗಿದೆ ನೋಡು."

ಬಣ್ಣ ಅರೆದುಕೊಡುವವಳು. ನಾನು ಮೊಟ್ಟೆಯನ್ನು ಅವಳ ಕೈಗೆ ಕೊಟ್ಟು, ನೀಲಿಯನ್ನು ಬುಟ್ಟಿಯ ತಳದಲ್ಲೇ ಇಟ್ಟುಕೊಂಡು ಗುಡ್ಡ ಇಳಿದೆ. ದಾರಿಯುದ್ದಕ್ಕೂ ಆಗಲಿ, ಆಗಲಿ ಎಂದುಕೊಂಡೆ. ಹುಡುಗಿಯ ಮುಖ ನೆನಪಾಗದ ಹಾಗೆ ಜೋರಾಗಿ ನಡೆದೆ.

ಆಣೆಯ ದಿನ ಬಂತು. ಒಬ್ಬ ಸರದಾರ ಎಂದಿನಂತೆ ನೋಡದೆ ಕೈ ಎತ್ತಿದ. ಇನ್ನೊಬ್ಬರು ವೆನೆಮಾರ್ ಸರದಾರರು, ಎಂಬತ್ತು ದಾಟಿದವರು, ಕಿವಿ ಪೂರ್ತಿ ಕೇಳದು. ಕಿವಿ ಕೇಳದವರಿಗೆ ಗೆಸೀನ ನೋಡಿದ್ದಾಳೆ ಎಂದು ಹೇಳಿ ಏನು ಪ್ರಯೋಜನ. ಅವರು ಕೈ ಎತ್ತಿಕೊಂಡೇ ಪಟದ ಮೇಲೆ ಕಣ್ಣಾಡಿಸಿದರು, ಒಂದೊಂದು ಗುರಾಣಿಯನ್ನೂ. ಕೊನೆಯದಕ್ಕೆ ಬಂದು ನಿಂತರು. ಇದು ನಮ್ಮಜ್ಜನಿಗೆ ಉಪ್ಪು ಮಾರುತ್ತಿದ್ದವರ ಗುರಾಣಿ ಎಂದರು, ಕಿವುಡರ ಗಟ್ಟಿ ದನಿಯಲ್ಲಿ, ಇಡೀ ಮಂದಿರಕ್ಕೆ ಕೇಳುವಂತೆ. ಆಮೇಲೆ ಕೈ ಇಳಿಸಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಓಡೀಲಿಯ ಬಿಳಿ ಉಡುಪು ತೊಟ್ಟು ತಂದೆಯ ಪಕ್ಕದಲ್ಲಿ ನಿಂತಿದ್ದಳು. ಏನಾಯಿತೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಅದೇ ಗಂಟೆಯಲ್ಲಿ ಪಕ್ಕದ ಪಟವನ್ನು ಮುಂದಕ್ಕೆ ತಂದರು.

ಮಠದ ಒಡತಿ ನಮ್ಮನ್ನು ಕರೆಸಿದಳು. ಪಟಕಾರನಿಗೆ ಮೈಯಲ್ಲಿ ಸರಿಯಿಲ್ಲ ಎಂದು ಹೇಳಿ ಎವರ್ವಿನ್‌ನನ್ನು ಮನೆಯಲ್ಲೇ ಬಿಟ್ಟು, ಗೆಸೀನ ನಾನು ಇಬ್ಬರೂ ಹೋದೆವು. ಪಟ ಮೇಜಿನ ಮೇಲೆ ಹಾಸಿತ್ತು. ಗೆಸೀನ ಅದನ್ನು ನೋಡಿದ್ದು ಆಗಲೇ ಮೊದಲು. ಹಸಿರನ್ನು ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ. ಹದಿನಾರು ಮನೆತನಗಳ ಗಂಟನ್ನು ಒಂದೇ ನೋಟಕ್ಕೆ ಬಿಡಿಸುವ ಹೆಂಗಸು ಅವಳು, ನಮ್ಮ ಮನೆಯ ಗಂಟು ಎಷ್ಟರದು. ಗೋಡೆಯ ಹತ್ತಿರ ಲುಟ್‌ಗಾರ್ಡ್ ನಿಂತಿದ್ದಳು. ಈ ಬಣ್ಣ ಯಾರ ತಪ್ಪು, ಪಟಕಾರನದೋ ಎಂದು ಒಡತಿ ಕೇಳಿದಳು. ಪಟಕಾರನದಾದರೆ ಅವನನ್ನು ಇಲ್ಲಿಗೇ ಹೊತ್ತುಕೊಂಡು ಬನ್ನಿ, ವಿಚಾರಿಸುತ್ತೇನೆ ಎಂದಳು.

"ಅವರದಲ್ಲ ಅಮ್ಮನವರೇ, ನಂದು," ಎಂದಳು ಗೆಸೀನ. "ಕಿಟಕೀನ ಸಂಜೆ ಬೆಳಕಲ್ಲಿ ನೋಡಿದ್ದು. ನೀಲಿ ನನ್ನ ಕಣ್ಣಿಗೆ ಹಸಿರಾಗಿ ಕಾಣ್ತು. ಹಸಿರು ಅಂತ ಹೇಳ್ದವಳು ನಾನೇ. ಅವರು ನಾನು ಹೇಳಿದ್ದನ್ನ ಹಾಕಿದಾರೆ, ಅಷ್ಟೇ."

ಒಡತಿ ಆಳು ಕಳಿಸಿ ಕಿಟಕಿ ನೋಡಿಸಿದಳು. ನೀಲಿಯೇ ಇತ್ತು. ಅಜ್ಜಿ ಸರದಾರರ ಕವಲಿನವಳೇ. ಎಲ್ಲ ಸರಿಯಾಗಿತ್ತು, ಜಾಗ ಮಾತ್ರ ಹೋಗಿತ್ತು. ಇನ್ನೊಂದು ಜಾಗ ಖಾಲಿಯಾಗುವಷ್ಟು ದಿನ ಕಾಯಲು ಹಾಗೆನ್‌ಶೈಡ್ ಮನೆಯಲ್ಲಿ ಅನ್ನವಿರಲಿಲ್ಲ. ಆ ಚಳಿಗಾಲದಲ್ಲೇ ಓಡೀಲಿಯಳನ್ನು ಅರಣ್ಯಾಧಿಕಾರಿಗೆ ಕೊಟ್ಟರು.

ಅಂದು ಮಠದಿಂದ ಇಳಿಯುವಾಗ ಗೆಸೀನ ನನಗಿಂತ ಮುಂದೆ ನಡೆದಳು. ಬಾಗಿಲಲ್ಲಿ ಮೆಟ್ಟು ಬಿಡುತ್ತ, ಎವರ್ವಿನ್‌ಗೆ ಕೇಳಿಸದ ಹಾಗೆ ಅಂದಳು.

"ಅವರ ಕಣ್ಣಿನ ವಿಷಯ ಹೊರಗೆ ಬರಬಾರದು, ಅದಕ್ಕೇ ಹೇಳ್ದೆ. ನಿಮಗೋಸ್ಕರ ಅಲ್ಲ, ಅತ್ತಿಗೆ. ತಿಳೀತಾ?"

ತಿಳಿಯಿತು. ಅಷ್ಟೇ. ಆಮೇಲೆ ಹದಿನೆಂಟು ವರ್ಷ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಜಗಳದಲ್ಲಾದರೂ ಸಮಸಮ ಆಗುತ್ತಿದ್ದೆವು.

ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತು, ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಸರದಾರರು ಗೆಸೀನಳ ಹೆಸರೆತ್ತುವುದನ್ನು ಬಿಟ್ಟರು. ಪಾಪ, ಅವಳ ಕಣ್ಣು ಹೋಯಿತಂತೆ ಎನ್ನುತ್ತಿದ್ದರು. ಮನೆಯಲ್ಲಿ ನಿಜವಾಗಿ ಕಣ್ಣು ಹೋದವನು ಬೇರೆ, ಹೆಸರು ಬಂದದ್ದು ಇವಳಿಗೆ. ಇನ್ನು ಮೇಲೆ ವಂಶ ಹುಡುಕುವವಳು ಅಕ್ಕ ಎಲ್ಸಾಬೈನ್ ಎಂದು ಮಠದಲ್ಲಿ ಗೊತ್ತುಮಾಡಿದರು. ಕಡೆಗೂ ನನ್ನ ಹೆಸರು ಕಲಿತರು. ನನಗೆ ಗುರಾಣಿ ಬರೆಯಲು ಬರುತ್ತದೆ, ಯಾರ ಮಗಳನ್ನು ಯಾರಿಗೆ ಕೊಟ್ಟಿತ್ತು ಎಂದು ನೆನಪಿಟ್ಟುಕೊಳ್ಳಲು ಬರುವುದಿಲ್ಲ. ಹಳ್ಳಿಗೆ ಹೋಗಿ ಸಮಾಧಿಕಲ್ಲಿನ ಮುಂದೆ ಸುಮ್ಮನೆ ನಿಂತು ಬರುತ್ತಿದ್ದೆ. ಆಮೇಲೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ ಗೆಸೀನಳ ಎದುರು ಹೆಸರುಗಳನ್ನು ಓದುತ್ತಿದ್ದೆ. ಅವಳು ತಲೆ ಎತ್ತದೆ ಹೇಳುತ್ತಿದ್ದಳು, ಇವಳು ಅವಳ ಚಿಕ್ಕಮ್ಮನ ಮಲಮಗಳು, ಇಲ್ಲಿ ಒಂದು ತಲೆಮಾರು ಬಿಟ್ಟುಹೋಗಿದೆ, ಆ ಕಡೆ ಹೋಗಿ ನೋಡಿ. ನಾನು ಬರೆದುಕೊಳ್ಳುತ್ತಿದ್ದೆ. ಒಂದು ಸಲವೂ ಬೇಕೆಂದು ತಪ್ಪು ಹೇಳಲಿಲ್ಲ. ಹೇಳಬಹುದಿತ್ತು. ಅವಳ ಜಾಗದಲ್ಲಿ ನಾನಾಗಿದ್ದರೆ ಮೊದಲ ವಾರವೇ ಹೇಳಿರುತ್ತಿದ್ದೆ.

ಓಡೀಲಿಯ ಸಂತೆಯಲ್ಲಿ ಸಿಗುತ್ತಿದ್ದಳು, ಮಲಮಕ್ಕಳ ಕೈ ಹಿಡಿದುಕೊಂಡು, ಆಮೇಲೆ ತನ್ನವರನ್ನೂ. ಬೇಗ ದಪ್ಪಗಾದಳು, ಬೇಗ ಹಣ್ಣಾದಳು. ಗೆಸೀನ ಎದುರಾದರೆ ಮುಖ ತಿರುಗಿಸಿ ಇನ್ನೊಂದು ಬದಿಗೆ ದಾಟುತ್ತಿದ್ದಳು. ನನ್ನನ್ನು ಕಂಡರೆ ನಿಂತು ಬಣ್ಣದ ಕೆಲಸ ಹೇಗಿದೆ ಎಂದು ವಿಚಾರಿಸುತ್ತಿದ್ದಳು. ನಾನು ಚೆನ್ನಾಗಿದೆ ಎನ್ನುತ್ತಿದ್ದೆ. ಪಕ್ಕದಲ್ಲಿ ಗೆಸೀನ ಎಲೆಕೋಸಿನ ಬುಟ್ಟಿ ಹೊತ್ತುಕೊಂಡು ಕಾಯುತ್ತಿದ್ದಳು.

ಎವರ್ವಿನ್ ತೀರಿಕೊಂಡ ಎರಡು ವರ್ಷಕ್ಕೆ, ಹೋದ ಮಾರ್ಚ್ ತಿಂಗಳಲ್ಲಿ, ಗೆಸೀನ ಹೋದಳು. ಎದೆಯಲ್ಲಿ ನೀರು ತುಂಬಿತ್ತು. ನಾನೇ ಹಾಸಿಗೆಯ ಪಕ್ಕ ಇದ್ದೆ. ಕ್ಷಮೆ ಕೇಳಬೇಕೆಂದು ಮೂರು ದಿನ ಬಾಯಿ ತೆರೆದೆ, ಮೂರು ದಿನವೂ ನೀರು ಬೇಕಾ ಎಂದು ಕೇಳಿದೆ. ಮಣ್ಣು ಮಾಡುವಾಗ ಮಠದಿಂದ ಒಬ್ಬರೂ ಬರಲಿಲ್ಲ. ಅಪ್ಪ ಸತ್ತಾಗ ಹನ್ನೆರಡು ಜನ ದೊರೆಸಾನಿಯರೂ ಗುಡ್ಡ ಇಳಿದು ಬಂದಿದ್ದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತಮ್ಮ ಇಲ್ಲ, ಕಸುಬನ್ನು ಮಠದವರು ಬೇರೆ ಊರಿನವನಿಗೆ ಕೊಟ್ಟಾಗಿತ್ತು. ನನಗೇನೂ ನಷ್ಟವಿಲ್ಲ ಎಂದಾದ ಮೇಲೆ ನಿಜ ಹೇಳುವ ಧೈರ್ಯ ಬಂತು. ನನ್ನ ಧೈರ್ಯದ ಅಳತೆ ಅಷ್ಟೇ. ಈಗ ಒಡತಿಯಾಗಿರುವವಳು ಲುಟ್‌ಗಾರ್ಡ್. ಅವಳ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಬಣ್ಣ ಹಾಕುತ್ತಿದ್ದವಳು ನಾನು, ನೀಲಿ ಎಂದು ಗೆಸೀನ ಹೇಳಿದ್ದಳು, ಹಸಿರನ್ನು ನಾನು ಬೇಕೆಂದೇ ಹಾಕಿದೆ, ಹೊಟ್ಟೆಕಿಚ್ಚಿಗೆ ಹಾಕಿದೆ. ಮಠದ ಪುಸ್ತಕದಲ್ಲಿ ಗೆಸೀನಳ ತಪ್ಪು ಎಂದು ಬರೆದಿರುವುದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ ಎಂದು ಕೇಳಿದೆ. ಹೇಳುವಾಗ ಅಳು ಬಂತು, ಅದೂ ನಿಜವಾದ ಅಳು.

ಲುಟ್‌ಗಾರ್ಡ್ ಎದ್ದು ಬಂದು ನನ್ನನ್ನು ಕೂರಿಸಿದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಸಾಬೈನ್, ನಿನ್ನಂಥ ಅತ್ತಿಗೆ ಯಾರಿಗೆ ಸಿಗ್ತಾರೆ ಹೇಳು," ಎಂದಳು. "ಸತ್ತವಳ ಹೆಸರು ಉಳಿಸೋಕೆ ತಪ್ಪನ್ನ ನಿನ್ನ ಮೈಮೇಲೆ ಎಳ್ಕೊಳ್ತಿದೀಯ. ಆದ್ರೆ ಅವತ್ತು ನಾನು ಆ ಕೋಣೇಲೇ ಇದ್ದೆ. ಹಸಿರು ಅಂದವಳು ನಾನೇ ಅಂತ ಅವಳೇ ಬಾಯಿಬಿಟ್ಟು ಹೇಳಿದ್ದನ್ನ ಈ ಕಿವೀಲಿ ಕೇಳಿದೀನಿ. ಗೆಸೀನಳ ಕಣ್ಣು ಒಂದು ಸಲ ತಪ್ಪಿರಬಹುದು. ಬಾಯಿ ಯಾವತ್ತೂ ಸುಳ್ಳು ಹೇಳಿದ್ದಿಲ್ಲ."

ಆಣೆ ಮಾಡುತ್ತೇನೆ ಎಂದೆ. ಬೇಡ, ಸುಳ್ಳಾಣೆ ಪಾಪ ಎಂದಳು. ಇಲ್ಲೇ ಒಂದು ಸಿಂಹ ಬರೆದು ತೋರಿಸುತ್ತೇನೆ ಎಂದು ಕೈ ಚಾಚಿದೆ. ಅವಳು ಅದನ್ನು ಮೆಲ್ಲಗೆ ಮಡಿಸಿ ನನ್ನ ಮಡಿಲಲ್ಲಿಟ್ಟು, ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ಮರುದಿನವೇ ಊರಿಗೆಲ್ಲ ಸುದ್ದಿ ಹರಡಿತ್ತು, ಎಲ್ಸಾಬೈನ್ ಎಂಥ ದೊಡ್ಡ ಮನಸ್ಸಿನವಳು ಎಂದು.

ಹಾಗಾಗಿ ಇದನ್ನು ಬರೆದಿಟ್ಟಿದ್ದೇನೆ. ಗೆಸೀನ ನೀಲಿ ಎಂದೇ ಹೇಳಿದ್ದಳು. ಅವಳು ಇಡೀ ಬದುಕಿನಲ್ಲಿ ಹೇಳಿದ್ದು ಒಂದೇ ಸುಳ್ಳು, ಆ ಸುಳ್ಳಿನ ಮುಂದೆ ನನ್ನ ನಿಜ ನಿಲ್ಲಲಾರದು. ಅವಳು ಮಣ್ಣಿಗೆ ಹೋಗಿ ಆರು ತಿಂಗಳಾಯಿತು. ಈ ಊರಿನಲ್ಲಿ ಈಗಲೂ ಅವಳ ಮಾತೇ ಮಾತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.